ಬೀದಿ ಪರದೆಯ ಮುಂದಿನ ಜೋಡಿ

ಹೋದ ವರ್ಷ ಮಂಡಿ ನೋವು ಜಾಸ್ತಿಯಾಗಿ ಟಿ.ವಿ. ಧಾರಾವಾಹಿಯ ಅಜ್ಜಿ ಪಾತ್ರವನ್ನೂ ಬಿಟ್ಟೆ. ಕೊನೆಯ ದಿನ, ನನ್ನ ಮೊಮ್ಮಗಳಾಗಿ ನಟಿಸುತ್ತಿದ್ದ ಹುಡುಗಿ ಪಕ್ಕದಲ್ಲಿ ಬಂದು ಕೂತು, "ಅಜ್ಜಿ, ಕಾಮಿಡಿ ಮಾಡೋದು ಹೇಗೆ ಅಂತ ಬರೆದುಕೊಡಿ, ನಮಗೆಲ್ಲ ಹೆಲ್ಪ್ ಆಗತ್ತೆ" ಅಂದಳು. ಹೇಗೆ ಅಂತ ನನಗೆ ಗೊತ್ತಿದ್ದರೆ ತಾನೆ ಬರೆಯಲು! ಬದುಕಿಡೀ ಮಾಡಿದೆ, ಅಷ್ಟೆ. ಪ್ರಶಸ್ತಿ, ಸನ್ಮಾನಗಳ ಸುದ್ದಿ ಎತ್ತುವುದಿಲ್ಲ. ಹೊದಿಸಿದ ಶಾಲುಗಳನ್ನು ತಂಗಿಯ ಮಕ್ಕಳು ಚಳಿಗೆ ಹೊದೆಯುತ್ತಿದ್ದಾರೆ. ಆ ಕೆಲಸ ನಿಜವಾಗಿ ಹೇಗಿತ್ತು, ನನ್ನಿಂದ ಏನು ಕಸಿದುಕೊಂಡಿತು, ಅದನ್ನು ಮಾತ್ರ ಬರೆಯುತ್ತೇನೆ. ಓದಿ ಕಣ್ರಮ್ಮಾ, ಆಮೇಲೆ ನಿಮ್ಮಿಷ್ಟ.

ನಮ್ಮೂರು ಬಾಣಾವರ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಂದು ನಾಟಕ ಕಂಪನಿಯ ಅಡುಗೆ ಕೆಲಸಕ್ಕೆ ಸೇರಿದರು. ಅಮ್ಮನ ಹಿಂದೆ ನಾನೂ ಹೋದೆ. ಅಮ್ಮ ಸೌಟು ಹಿಡಿದರು, ನಾನು ಸಖಿಯ ವೇಷದಲ್ಲಿ ತಟ್ಟೆ ಹಿಡಿದೆ. ಆಗ ನನಗೆ ಹದಿನೇಳು. ಬಾಯಿ ಬಿಡುವ ಹಾಗಿರಲಿಲ್ಲ; ರಾಣಿಯ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲುವುದಷ್ಟೇ ಪಾತ್ರ.

ಅರಸೀಕೆರೆಯಲ್ಲಿ ನಮ್ಮ ಡೇರೆ ರೈಲ್ವೆ ಸ್ಟೇಷನ್ನಿಗೆ ತೀರಾ ಹತ್ತಿರವಿತ್ತು. ಒಂದು ದಿನ ರಾಣಿ ಸತ್ತ ರಾಜಕುಮಾರನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗೋಳಾಡುತ್ತಿದ್ದಾಳೆ. ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಗಿದೆ. ಅಷ್ಟರಲ್ಲಿ ಇಂಜಿನ್ನು ಕೂಗಿತು. ನಾನು ಬೆಚ್ಚಿ ಬಿದ್ದು, ಅದೆಲ್ಲಿತ್ತೋ ನಾಲಿಗೆಯ ಮೇಲೆ, "ಅಯ್ಯೋ, ಬಾಣಾವರದ ಗಾಡಿ ಬಂತು!" ಅಂದುಬಿಟ್ಟೆ. ಶಿವನೇ! ಡೇರೆಗೆ ಡೇರೆಯೇ ನಕ್ಕಿತು. ಸತ್ತು ಮಲಗಿದ್ದ ರಾಜಕುಮಾರನ ಹೊಟ್ಟೆ ಗಡಗಡ ಅಲುಗಾಡಿತು. ರಾಣಿ ಪಾತ್ರದ ಆಕೆ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು.

ಕಂಪನಿಯ ಒಡೆಯರನ್ನು ನಾವು ಯಜಮಾನರು ಅನ್ನುತ್ತಿದ್ದೆವು. ಹುರಿಮೀಸೆ, ಕೊರಳಲ್ಲಿ ಸದಾ ಒಂದು ಸೀಟಿ. ಹೊಡೆಯುತ್ತಾರೆ ಅಂತ ನಾನು ಅಡುಗೆ ಒಲೆಯ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಅವರು ಅಲ್ಲಿಗೇ ಬಂದರು. "ಏ ಹುಡ್ಗಿ, ಎದ್ದು ಬಾ ಇಲ್ಲಿ. ನಿನ್ನ ಬಾಯಿಗೆ ಬೀಗ ಹಾಕೋಕಾಗಲ್ಲ. ನಾಳೆಯಿಂದ ಬೀದಿ ಪರದೆ ಮುಂದೆ ನಿಂತ್ಕೋ" ಅಂದರು. ನನ್ನ ತಪ್ಪಿಗೆ ಶಿಕ್ಷೆಯಾಗಿ ಸಿಕ್ಕಿದ ಉದ್ಯೋಗ ಇದು.

ಬೀದಿ ಪರದೆ ಅಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಕಂಪನಿ ನಾಟಕದಲ್ಲಿ ಒಂದರ ಹಿಂದೆ ಒಂದು ಪರದೆ. ಎಲ್ಲಕ್ಕೂ ಮುಂದಿನದರಲ್ಲಿ ಒಂದು ಬೀದಿಯ ಚಿತ್ರ. ಕಾಡಿನ ದೃಶ್ಯ ಮುಗಿದ ಕೂಡಲೇ ಆ ಬೀದಿ ಪರದೆ ಇಳಿಯುತ್ತದೆ. ಅದರ ಹಿಂದೆ ಆಳುಗಳು ಮರಗಿಡ ತೆಗೆದು ದರ್ಬಾರಿನ ಕಂಬ, ಸಿಂಹಾಸನ ಜೋಡಿಸಬೇಕು. ಅಲ್ಲಿಯವರೆಗೆ ಜನ ಎದ್ದು ಹೋಗದಂತೆ ಇಬ್ಬರು ಹಾಸ್ಯದವರು ಪರದೆಯ ಮುಂದೆ ನಿಂತು ನಗಿಸುತ್ತಿರಬೇಕು. ಹಿಂದೆ ಕೆಲಸ ಮುಗಿದರೆ ಯಜಮಾನರು ಸೀಟಿ ಊದುತ್ತಾರೆ, ನಾವು ಒಳಗೆ. ಮುಗಿಯದಿದ್ದರೆ ಪಕ್ಕದಿಂದ ಪಿಸುಗುಟ್ಟುತ್ತಾರೆ: "ಎಳೀರಿ, ಇನ್ನೂ ಎಳೀರಿ!" ಬರೆದ ಮಾತು ಖಾಲಿಯಾದ ಮೇಲೂ ಎಳೆಯಬೇಕು. ಇಷ್ಟೇ ಕಣ್ರಮ್ಮಾ ಹಾಸ್ಯ ಅಂದರೆ; ಹಿಂದೆ ಯಾರೋ ಸಿಂಹಾಸನ ಜೋಡಿಸುತ್ತಿರುತ್ತಾರೆ, ಮುಂದೆ ನಾವು ಹೊತ್ತು ಕಳೆಯುತ್ತಿರುತ್ತೇವೆ.

ನನ್ನ ಜೋಡಿ ಚನ್ನಬಸಪ್ಪ. ಗೆಂಡೆಹಳ್ಳಿಯವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಮನೆಯಲ್ಲಿ ತೆಂಗಿನ ತೋಟ ನೋಡಿಕೋ ಅಂದರೆ ಕೇಳದೆ ಕಂಪನಿಗೆ ಓಡಿ ಬಂದವರು. ಅವರದು ರಾಜನ ಸೇವಕನ ಪಾತ್ರ, ನನ್ನದು ರಾಣಿಯ ಸಖಿ. ಸೇವಕ ಸಖಿಯ ಹಿಂದೆ ಬೀಳುತ್ತಾನೆ, ಸಖಿ ಅವನಿಗೆ ಮಂಗಳಾರತಿ ಮಾಡಿ ಕಳಿಸುತ್ತಾಳೆ. ಯಾವ ನಾಟಕವಾದರೂ ನಮ್ಮ ಕಥೆ ಅದೇ. ರಂಗದ ಮೇಲೆ ಅವರು ನನ್ನನ್ನು ಬಾಯಿ ತುಂಬ "ಕಣೇ" ಅನ್ನುವವರು, ಬಣ್ಣ ತೊಳೆದರೆ "ಗಿರಿಜಮ್ನೋರೆ" ಅಂತ ಮಾರು ದೂರ ನಿಲ್ಲುವವರು.

ಕಲಿಸಿದ್ದೆಲ್ಲ ಅವರೇ. "ನಗು ಏಳ್ತಾ ಇರೋವಾಗ ಮಾತಾಡ್ಬ್ಯಾಡಿ ಗಿರಿಜಮ್ನೋರೆ. ಅದು ಇಳಿಯೋಕ್ ಶುರುವಾಗ್ಬೇಕು, ಪೂರಾ ಇಳೀಬಾರ್ದು. ಆ ಸಂದೀಲಿ ಮುಂದಿನ್ ಮಾತು ಹಾಕ್ಬೇಕು" ಅನ್ನುತ್ತಿದ್ದರು. ಇನ್ನೊಂದು ಪಾಠ, "ನಾನೊಂದ್ ಮಾತು ಎಸೆದ್ರೆ ಯೋಚ್ನೆ ಮಾಡ್ತಾ ನಿಲ್ಬ್ಯಾಡಿ. ಹಿಡ್ಕೊಂಡ್ ತಿರುಗಿಸಿ ಹೊಡೀರಿ. ಯೋಚ್ನೆ ಮಾಡಿದ್ರೆ ಕೆಟ್ಟಿರಿ." ಹೊಡೆದೆ. ವರ್ಷಗಟ್ಟಲೆ ಹೊಡೆದೂ ಹೊಡೆದೂ, ಮಾತು ಕಿವಿಗೆ ಬೀಳುವ ಮೊದಲೇ ಉತ್ತರ ನಾಲಿಗೆಯ ಮೇಲೆ ಇರುತ್ತಿತ್ತು. ಜನ ಅದನ್ನೇ ಪ್ರತಿಭೆ ಅಂದರು. ನಾನೂ ನಂಬಿದೆ.

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರದ ಒಬ್ಬ ಸಾಹುಕಾರರು ದಿನಾ ಮುಂದಿನ ಸೋಫಾದಲ್ಲಿ ಬಂದು ಕೂರುತ್ತಿದ್ದರು. ನಗುವುದೇ ಇಲ್ಲ, ಮಾರಾಯರು! ಎರಡೂ ಕೈ ಊರುಗೋಲಿನ ಮೇಲೆ, ಗದ್ದ ಕೈಯ ಮೇಲೆ, ಮುಖ ಗಂಟು. ಯಜಮಾನರಿಗೆ ಅದು ಅವಮಾನ. "ಅವರನ್ನ ನಗಿಸದಿದ್ರೆ ನಿಮ್ಮಿಬ್ರಿಗೂ ಕಂಪನೀಲಿ ಏನ್ಲಾ ಕೆಲ್ಸ?" ಅಂದರು. ಮೂರು ದಿನ ಬಿದ್ದೆವು, ಎದ್ದೆವು, ಕುಣಿದೆವು. ಏನೂ ಆಗಲಿಲ್ಲ. ನಾಲ್ಕನೆಯ ದಿನ ಚನ್ನಬಸಪ್ಪ ಮಾತು ಅರ್ಧಕ್ಕೆ ನಿಲ್ಲಿಸಿ, ರಂಗದ ಅಂಚಿಗೆ ಬಂದು, ಸೇವಕನ ವೇಷದ ಕೋಲಿನ ಮೇಲೆ ಕೈ, ಕೈಯ ಮೇಲೆ ಗದ್ದ ಇಟ್ಟು, ಸಾಹುಕಾರರ ಎದುರಿಗೇ ಅವರ ಹಾಗೆಯೇ ಮುಖ ಗಂಟಿಕ್ಕಿ ಕೂತುಬಿಟ್ಟರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಹೆಂಗಸರ ಕಡೆಯಿಂದ ಮೊದಲು ಕಿಸಕ್ಕೆಂದವರು ಸಾಹುಕಾರರ ಹೆಂಡತಿಯೇ. ಆಮೇಲೆ ಸಾಹುಕಾರರ ಮೀಸೆ ಅಲುಗಾಡಿತು, ಭುಜ ಕುಣಿಯಿತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನಗೆ ಚನ್ನಬಸಪ್ಪನವರ ಮೇಲೆ ಮನಸ್ಸಾದದ್ದು ಆವತ್ತು. ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ಏನು ನಾಚಿಕೆ? ಆಗ ಮಾತ್ರ ಅಮ್ಮನಿಗೂ ಹೇಳಲಿಲ್ಲ. ಕಂಪನಿಯಲ್ಲಿ ಗಂಡಸು ಹೆಂಗಸು ಮೂಲೆಯಲ್ಲಿ ನಿಂತು ಎರಡು ಮಾತಾಡಿದರೂ ಯಜಮಾನರ ಕಣ್ಣು ಕೆಂಪಾಗುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಬೇಲೂರಿನಲ್ಲಿ ಕ್ಯಾಂಪು ಹಾಕಿದ್ದೆವು. ಒಂದು ಶುಕ್ರವಾರ ಆಟ ಮುಗಿದ ಮೇಲೆ ಹಳೇಬೀಡಿನ ಶೇಷಾದ್ರಿ ಮೇಷ್ಟ್ರು ಒಬ್ಬ ವಿದೇಶದ ಹೆಂಗಸನ್ನು ಒಳಗೆ ಕರೆತಂದರು. ಮೇಷ್ಟ್ರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು; ರಜೆ ಬಂದರೆ ಹೊರದೇಶದವರಿಗೆ ದೇವಸ್ಥಾನ ತೋರಿಸುತ್ತಿದ್ದರು. "ಇವರು ಗೆರ್ಡಾ ಅಂತ, ಜರ್ಮನಿಯವರು. ಅಲ್ಲಿ ಇವರೂ ನಿಮ್ಮ ಹಾಗೇ ಜನರನ್ನ ನಗಿಸೋರಂತೆ. ಡೇರೆ ಕಂಡು ನೋಡ್ಲೇಬೇಕು ಅಂತ ಹಟ ಹಿಡಿದ್ರು" ಅಂದರು. ಎತ್ತರದ ಆಳು, ಕತ್ತರಿಸಿದ ಕೂದಲು, ಮೂಗು ಬಿಸಿಲಿಗೆ ಕೆಂಪಗೆ ಸುಲಿದಿತ್ತು. ನಾವು ಗೆರ್ಡಮ್ಮ ಅಂದೆವು. ಆಕೆ ನನ್ನ ಕೈ ಹಿಡಿದು, ನಾನು ಸೆರಗು ಕೊಡವಿ ಚನ್ನಬಸಪ್ಪನವರಿಗೆ ಬೆನ್ನು ತಿರುಗಿಸುವ ಭಂಗಿಯನ್ನು ಮಾಡಿ ತೋರಿಸಿದರು. ಅಬ್ಬಬ್ಬಾ, ಎಷ್ಟು ಸರಿಯಾಗಿ! ಒಂದು ಮಾತೂ ಅರ್ಥವಾಗದೆ ಪೂರ್ತಿ ಅರ್ಥಮಾಡಿಕೊಂಡಿದ್ದರು.

ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ಹಳೇಬೀಡಿಗೆ ಕರೆದರು. ಬಂದ ಅತಿಥಿ, ಬೇಡ ಅನ್ನಬೇಡಿ ಅಂತ ಯಜಮಾನರೂ ಒಪ್ಪಿದರು. ಹಳೇಬೀಡು ನೋಡಿಕೊಂಡು ಬಸ್ತಿಹಳ್ಳಿಯ ಬಸದಿಗೆ ನಡೆದೆವು. ಅಲ್ಲಿ ಕರಿಕಲ್ಲಿನ ಕಂಬಗಳನ್ನು ಎಷ್ಟು ನುಣುಪು ಮಾಡಿದ್ದಾರೆಂದರೆ ಮುಖ ಕಾಣುತ್ತದೆ. ನಿಂತ ಜಾಗ ಬದಲಿಸಿದರೆ ಮುಖ ಉದ್ದವಾಗುತ್ತದೆ, ಅಡ್ಡವಾಗುತ್ತದೆ. ಗೆರ್ಡಮ್ಮ ಒಂದು ಕಂಬದ ಮುಂದೆ ನಿಂತು ಕೆನ್ನೆ ಊದಿಸಿದರು. ನಾನು ಪಕ್ಕದಲ್ಲಿ ನಿಂತು ಕಣ್ಣು ಮೆಳ್ಳೆ ಮಾಡಿದೆ. ಚನ್ನಬಸಪ್ಪ ನನ್ನ ಹೆಗಲ ಹಿಂದಿನಿಂದ ಬಗ್ಗಿ ನಾಲಿಗೆ ಚಾಚಿದರು. ಮೇಷ್ಟ್ರು ಪಾಪ, "ದೇವರ ಸನ್ನಿಧಿ ಕಣ್ರೀ" ಅಂತ ಹೇಳುತ್ತಲೇ ಪಂಚೆಯ ತುದಿ ಬಾಯಿಗಿಟ್ಟುಕೊಂಡು ನಕ್ಕರು. ನನ್ನ ಇಡೀ ಬದುಕಿನಲ್ಲಿ ಅಷ್ಟು ಸುಖದ ಬೆಳಗು ಇನ್ನೊಂದಿಲ್ಲ.

ಅಲ್ಲೇ ಜಗಲಿಯಲ್ಲಿ ಕೂತು ಗೆರ್ಡಮ್ಮ ತಮ್ಮ ಕಥೆ ಹೇಳಿದರು, ಮೇಷ್ಟ್ರು ಕನ್ನಡಕ್ಕೆ ತಂದರು. ಯುದ್ಧ ಮುಗಿದಾಗ ಅವರ ಊರಿನಲ್ಲಿ ಅರ್ಧ ಮನೆಗಳು ಬಿದ್ದಿದ್ದವಂತೆ. ಬ್ರೆಡ್ಡಿಗಾಗಿ ಸಾಲು ನಿಂತವರು ಜಗಳವಾಡದಿರಲಿ ಅಂತ ಅಂಗಡಿಯವನನ್ನು ಅಣಕಿಸಿ ತೋರಿಸುತ್ತಿದ್ದರಂತೆ; ಅದೇ ಅವರ ಮೊದಲ ನಾಟಕ. ಆಮೇಲೆ ಒಂದು ನೆಲಮಾಳಿಗೆಯಲ್ಲಿ ರಂಗ ಕಟ್ಟಿಕೊಂಡು ಒಬ್ಬ ಜೊತೆಗಾರನೊಂದಿಗೆ ಜೋಡಿಯಾಗಿ ಆಡಿದರಂತೆ. ಈಗ ಟೆಲಿವಿಷನ್ನಿನಲ್ಲಿ ವಾರವಾರವೂ ಬರುತ್ತಾರಂತೆ. ಆ ಶಬ್ದ ನಾನು ಕೇಳಿದ್ದು ಅದೇ ಮೊದಲು. "ಮನೆಮನೇಲೂ ಒಂದು ಪೆಟ್ಟಿಗೆ ಇರತ್ತಂತೆ, ಅದರಲ್ಲಿ ಇವರು ಕಾಣ್ತಾರಂತೆ" ಅಂದರು ಮೇಷ್ಟ್ರು, ತಮಗೇ ಪೂರ್ತಿ ನಂಬಿಕೆಯಿಲ್ಲದೆ. ಪುಣ್ಯವಂತೆ ಅಂದೆ. ಗೆರ್ಡಮ್ಮ ತಲೆಯಾಡಿಸಿದರು. ಎದುರಿಗೆ ಕ್ಯಾಮೆರಾ ಒಂದೇ ಇರುತ್ತದೆ, ಅದು ನಗುವುದಿಲ್ಲ, ನಗು ಎಲ್ಲಿ ಬಂತು ಅಂತ ಊಹೆ ಮಾಡಿಕೊಂಡು ಮುಂದಿನ ಮಾತಿಗೆ ಕಾಯಬೇಕು, ಊರೆಲ್ಲ ಗುರುತು ಹಿಡಿಯುತ್ತದೆ ಆದರೆ ನೆಲಮಾಳಿಗೆಯಲ್ಲಿ ಕೇಳುತ್ತಿದ್ದ ನಗು ಮತ್ತೆ ಸಿಗಲಿಲ್ಲ ಅಂದರು. ಅವರ ಮಾತು ನನಗೆ ಅರ್ಥವಾದದ್ದು ಮೂವತ್ತು ವರ್ಷದ ಮೇಲೆ, ಬೆಂಗಳೂರಿನ ಸ್ಟುಡಿಯೋದಲ್ಲಿ ಮೊದಲ ಸಲ ನಿಂತಾಗ. ಈಗಂತೂ ನಗುವನ್ನು ಆಮೇಲೆ ತಂದು ಅಂಟಿಸುತ್ತಾರೆ. ನಮ್ಮ ಹುಡುಗಿಯರಿಗೆ ಅದೇ ಅಭ್ಯಾಸವಾಗಿಬಿಟ್ಟಿದೆ.

ಆಮೇಲೆ ಗೆರ್ಡಮ್ಮ ನಮ್ಮಿಬ್ಬರನ್ನೂ ನೋಡಿ ಏನೋ ಕೇಳಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಏನಿಲ್ಲ, ನಿಮ್ಮಿಬ್ಬರಿಗೂ ಮದುವೆಯಾಗಿ ಎಷ್ಟು ವರ್ಷ ಆಯ್ತು ಅಂತಾರೆ."

"ಛೇ ಛೇ! ಸ್ಟೇಜ್ ಮೇಲೆ ಜೋಡಿ ಅಷ್ಟೆ, ಹೇಳಿ ಮೇಷ್ಟ್ರೇ" ಅಂದೆ. ಮುಖಕ್ಕೆ ಬಿಸಿ ಏರಿತ್ತು. ಗೆರ್ಡಮ್ಮನಿಗೆ ಆಶ್ಚರ್ಯ. ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಇವರಿಗೇ ಗೊತ್ತಿಲ್ಲವೇ ಅಂದರಂತೆ. ಆಮೇಲೆ ಮೆಲ್ಲಗೆ ಇನ್ನೊಂದು ಹೇಳಿದರು. ತನ್ನ ನೆಲಮಾಳಿಗೆಯ ಜೊತೆಗಾರನೂ ತಾನೂ ವರ್ಷಗಟ್ಟಲೆ ಮಾತು ಮೊದಲು ಇನ್ನೊಬ್ಬರ ಬಾಯಿಂದಲೇ ಬರಲಿ ಅಂತ ಕಾದರಂತೆ. ಕಾಯುತ್ತಿರುವಾಗಲೇ ಅವನು ಬೇರೆ ಊರಿಗೆ ಹೋದನಂತೆ. ಮೇಷ್ಟ್ರು ಇದನ್ನು ನೆಲ ನೋಡುತ್ತ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಚನ್ನಬಸಪ್ಪ ಕಿಟಕಿಯ ಹೊರಗೆ ನೋಡುತ್ತ ಬಂದರು, ಒಂದು ತಮಾಷೆಯೂ ಇಲ್ಲ.

ಮಾರನೆಯ ದಿನ ಭಾನುವಾರ, ಮಧ್ಯಾಹ್ನದ ಆಟ. ಗೆರ್ಡಮ್ಮ ಬೆಳಿಗ್ಗೆಯೇ ಹೊರಟುಹೋಗಿದ್ದರು. ಡೇರೆ ತುಂಬಿತ್ತು. ನಾವು ಬೀದಿ ಪರದೆಯ ಮುಂದೆ ನಮ್ಮ ಮಾತು ಮುಗಿಸಿದೆವು. ಸೀಟಿ ಇಲ್ಲ. ಹಿಂದೆ ದರ್ಬಾರಿನ ಕಂಬವೊಂದು ಮುರಿದು ಬಿದ್ದಿತ್ತು. "ಎಳೀರ್ಲಾ!" ಅಂದರು ಯಜಮಾನರು. ಎಳೆದೆವು. ರೈಲು, ಸೀಮೆಎಣ್ಣೆ, ಅತ್ತೆ, ನಾದಿನಿ, ಎಲ್ಲಾ ಖಾಲಿಯಾಯಿತು. ಇನ್ನೂ ಸೀಟಿ ಇಲ್ಲ. ಚನ್ನಬಸಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ನೋಡು, ಗೆಂಡೆಹಳ್ಳೀಲಿ ನಂದೊಂದ್ ಮನೆ ಐತೆ. ಅವ್ವ ಒಬ್ಳೇ ಅವ್ಳೆ. ನೀನ್ ಬತ್ತೀನಿ ಅಂದ್ರೆ ನಾಳೇನೇ ಹೋಗಿ ಅವ್ವನ್ ಕೇಳ್ತೀನಿ, ನಿಮ್ಮವ್ವನ್ನೂ ಕೇಳ್ತೀನಿ. ಇದು ನಾಟ್ಕ ಅಲ್ಲ ಕಣೇ. ನಿಜವಾಗ್ಲೂ ಕೇಳ್ತಾ ಇವ್ನಿ. ನನ್ನ ಮದ್ವೆ ಆಯ್ತೀಯಾ?"

ಸೇವಕ ಸಖಿಯನ್ನು ಕೇಳುತ್ತಿದ್ದಾನೆ ಅಂದುಕೊಂಡಿತು ಡೇರೆ. ನನಗೆ ಮಾತ್ರ ಗೊತ್ತಿತ್ತು, ಅದು ನಿಜ. ಎಷ್ಟು ವರ್ಷದಿಂದ ಕಾದಿದ್ದ ಮಾತು! "ಹೂಂ" ಅಂದರೆ ಆಗಿತ್ತು, ಒಂದೇ ಅಕ್ಷರ. ಆದರೆ ಪಳಗಿದ ಈ ಹಾಳು ನಾಲಿಗೆ ನನಗಿಂತ ಮೊದಲೇ ಹೊರಟಿತ್ತು.

"ಅಲ್ಲಯ್ಯಾ, ಟಿಕೆಟ್ ತಗೊಂಡ್ ಬಂದೋರೇ ನಿನ್ ಮುಖ ನೋಡಿ ಮೂರು ಗಂಟೇಲಿ ಸಾಕಪ್ಪಾ ಅಂತ ಎದ್ದು ಹೋಯ್ತಾರೆ. ನಾನು ಜೀವಮಾನವೆಲ್ಲಾ ಬಿಟ್ಟಿ ಪಾಸ್ ಮೇಲೆ ಕೂತ್ಕೊಂಡು ನೋಡ್ಬೇಕಾ?"

ಅಂಥ ನಗು ನನ್ನ ವೃತ್ತಿಯಲ್ಲಿ ಅದರ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಬೆಂಚು ಕುಟ್ಟಿದರು, ಸೀಟಿ ಹೊಡೆದರು. ಆಮೇಲೆ ಶುರುವಾಯಿತು ಕೂಗು: "ಒನ್ಸ್ ಮೋರ್! ಒನ್ಸ್ ಮೋರ್!"

ನಿಮಗೆ ಇದನ್ನೂ ಹೇಳಬೇಕು. ಕಂಪನಿಯಲ್ಲಿ ಜನ ಒನ್ಸ್ ಮೋರ್ ಅಂದರೆ ಮತ್ತೆ ಮಾಡಲೇಬೇಕು. ಸತ್ತು ಬಿದ್ದ ರಾಜ ಎದ್ದು ಬಂದು ಹಾಡು ಹಾಡಿ ಇನ್ನೊಮ್ಮೆ ಸತ್ತದ್ದನ್ನು ನಾನೇ ನೋಡಿದ್ದೇನೆ. ಮತ್ತೆ ಅಂದರೆ ಅದೇ ಮಾತು, ಅದೇ ಜಾಗ, ಅದೇ ಧಾಟಿ. ಒಂದು ಅಕ್ಷರ ಬದಲಿಸಿದರೂ ಜನ ಬಿಡುವುದಿಲ್ಲ. ಯಜಮಾನರು ಪಕ್ಕದಿಂದ ಕೈ ಬೀಸಿದರು. ಚನ್ನಬಸಪ್ಪ ರುಮಾಲು ತಲೆಗಿಟ್ಟು, ಮತ್ತೆ ತೆಗೆದು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಎರಡನೆಯ ಸಲ ಕೇಳಿದರು. ದೇವರು ಯಾರಿಗೆ ಎರಡನೇ ಅವಕಾಶ ಕೊಡುತ್ತಾನೆ ಹೇಳಿ? ನನಗೆ ಕೊಟ್ಟ. ಎಲ್ಲಾ ತಿಳಿದೂ, ಯೋಚನೆ ಮಾಡಲು ಹೊತ್ತಿದ್ದೂ, ನಾನು ಪಾಸಿನ ಮಾತನ್ನೇ ಮತ್ತೆ ಹೊಡೆದೆ. ಜನರ ಎದುರು ಧೈರ್ಯ ಬರಲಿಲ್ಲವೋ, ನಗು ಕಳೆದುಕೊಳ್ಳಲು ಮನಸ್ಸು ಬರಲಿಲ್ಲವೋ, ಇವತ್ತಿಗೂ ತಿಳಿಯದು. ಯಜಮಾನರು ಸೀಟಿ ಊದಿದರು.

ಒಳಗೆ ನೀರಿನ ಹಂಡೆಯ ಹತ್ತಿರ ನಿಂತೆ. ಅವರು ಬಂದು ಒಂದು ಲೋಟ ನೀರು ಕುಡಿದರು. ಈಗ ಕೇಳುತ್ತಾರೆ, ಇಲ್ಲಿ ಯಾರೂ ಇಲ್ಲ, ಈಗ ಹೂಂ ಅನ್ನುತ್ತೇನೆ ಅಂತ ಉಸಿರು ಹಿಡಿದೆ. "ಇವತ್ತು ಒಳ್ಳೆ ನಗು ಬಂತು ಗಿರಿಜಮ್ನೋರೆ" ಅಂದರು. "ಹೌದು" ಅಂದೆ. ಲೋಟ ಬೋರಲು ಹಾಕಿ ಹೋದರು. ಅವರು ಎರಡು ಸಲ ಕೇಳಿದ್ದರು, ನಾನು ಎರಡು ಸಲ ಉತ್ತರ ಕೊಟ್ಟಿದ್ದೆ. ಮೂರನೆಯ ಸಲ ಕೇಳು ಅನ್ನಲು ನನಗೆ ಯಾವ ಮುಖವಿತ್ತು?

ಯಜಮಾನರು ಅಂದೇ ಅಪ್ಪಣೆ ಕೊಟ್ಟರು. "ಆ ಪೀಸು ಭಾರೀ ಚೆನ್ನಾಗೈತೆ ಕಣ್ರಯ್ಯಾ, ಇನ್ಮೇಲೆ ದಿನಾ ಇರ್ಲಿ."

ದಿನಾ ಇತ್ತು. ಮುಂದಿನ ಎರಡು ವರ್ಷ, ಆಟವಿದ್ದ ದಿನವೆಲ್ಲ ಚನ್ನಬಸಪ್ಪ ರುಮಾಲು ತೆಗೆದು ನನ್ನನ್ನು ಮದುವೆಯಾಗು ಅಂದರು, ನಾನು ಒಲ್ಲೆ ಅಂದೆ. ಊರೂರಿನಲ್ಲಿ ಒಲ್ಲೆ ಅಂದೆ. ಮೊದಲ ದಿನಗಳಲ್ಲಿ ಅವರ ದನಿಯಲ್ಲಿ ಏನಾದರೂ ಇದೆಯೇ ಅಂತ ಕಿವಿಗೊಟ್ಟು ಹುಡುಕುತ್ತಿದ್ದೆ. ಬರಬರುತ್ತ ಅದು ಬರೀ ಮಾತಾಯಿತು. ಒಂದು ವರ್ಷದ ಮೇಲೆ ಅವರ ಅವ್ವ ಪಟ್ಟು ಹಿಡಿದು ಚನ್ನಬಸಪ್ಪನವರ ಅಕ್ಕನ ಮಗಳನ್ನು ಸೊಸೆಯಾಗಿ ತಂದುಕೊಂಡರು. ಮದುವೆ ಮುಗಿಸಿ ಬಂದವರು ಎಲ್ಲರಿಗೂ ಚಿರೋಟಿ ಹಂಚಿದರು, ನನಗೂ ಎರಡು ಕೊಟ್ಟರು. ಅವತ್ತೂ ಆಟವಿತ್ತು. ಅವತ್ತೂ ಕೇಳಿದರು, ಅವತ್ತೂ ಒಲ್ಲೆ ಅಂದೆ, ಅವತ್ತೂ ಒನ್ಸ್ ಮೋರ್ ಆಯಿತು. ಚಿರೋಟಿ ತಿನ್ನಲಾಗಲಿಲ್ಲ, ಅಮ್ಮನಿಗೆ ಕೊಟ್ಟುಬಿಟ್ಟೆ. ಅಮ್ಮ ನನ್ನ ಮುಖ ನೋಡಿದರು.

ಮತ್ತೊಂದು ವರ್ಷಕ್ಕೆ ಅವರ ಅವ್ವನಿಗೆ ಲಕ್ವ ಹೊಡೆಯಿತು. ತೋಟ ನೋಡುವವರಿಲ್ಲ. ಚನ್ನಬಸಪ್ಪ ಕಂಪನಿ ಬಿಡುವುದೆಂದು ತೀರ್ಮಾನವಾಯಿತು. ಆಗ ಮತ್ತೆ ಅರಸೀಕೆರೆಯಲ್ಲಿದ್ದೆವು. ಕೊನೆಯದು ಭಾನುವಾರ ಮಧ್ಯಾಹ್ನದ ಆಟ. ಮುಗಿಸಿ ಸಂಜೆಯ ಬೇಲೂರು ಬಸ್ಸಿಗೆ ಹೋಗುವವರು. ಟ್ರಂಕು ಬಾಗಿಲಲ್ಲೇ ಇತ್ತು. ಬಣ್ಣ ಹಚ್ಚಿಕೊಳ್ಳುವಾಗ ನಾನು ನಿಶ್ಚಯ ಮಾಡಿಕೊಂಡೆ. ಅವರಿಂದ ನನಗೆ ಇನ್ನೇನೂ ಆಗಬೇಕಾಗಿರಲಿಲ್ಲ. ಅವರ ಸಂಸಾರಕ್ಕೆ ಕಲ್ಲು ಹಾಕುವ ಯೋಚನೆ ಸತ್ಯವಾಗಿಯೂ ಇರಲಿಲ್ಲ. ಆದರೆ ನೂರಾರು ಸಲ ಸುಳ್ಳು ಉತ್ತರ ಕೇಳಿದ ಮನುಷ್ಯ, ಒಂದೇ ಒಂದು ಸಲ ನಿಜದ ಉತ್ತರ ಕೇಳಿಸಿಕೊಂಡು ಹೋಗಲಿ ಅನ್ನಿಸಿತು.

ಬೀದಿ ಪರದೆ ಇಳಿಯಿತು. ಅವರು ರುಮಾಲು ತೆಗೆದರು. ಗೆಂಡೆಹಳ್ಳಿ, ಮನೆ, ಅವ್ವ, ಎಲ್ಲಾ ಹೇಳಿ, "ನನ್ನ ಮದ್ವೆ ಆಯ್ತೀಯಾ?" ಅಂದು, ನನ್ನ ಮಾತಿನ ನಗು ಏಳಲು ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಡೇರೆಯಲ್ಲಿ ಅರ್ಧ ಜನರಿಗೆ ಪಾಸಿನ ಮಾತು ಬಾಯಿಪಾಠವಾಗಿತ್ತು, ಆಗಲೇ ಹಲ್ಲು ಕಿರಿದು ಕಾಯುತ್ತಿದ್ದರು.

"ಹೂಂ" ಅಂದೆ. "ಬತ್ತೀನಿ. ಆವತ್ತೇ ಬತ್ತಿದ್ದೆ."

ಯಾರೂ ನಗಲಿಲ್ಲ. ಪಕ್ಕದಲ್ಲಿ ಯಜಮಾನರು ಏನಾಯಿತೆಂದು ತಿಳಿಯದೆ ತಲೆಯ ಮೇಲೆ ಕೈಹೊತ್ತರು. ಎಂಥ ಮಾತು ಬಂದರೂ ಹಿಡಿದು ಹೊಡೆಯುತ್ತಿದ್ದ ಚನ್ನಬಸಪ್ಪ ರುಮಾಲನ್ನು ಕೈಯಲ್ಲಿ ಹಿಂಡುತ್ತ ನಿಂತರು. ಬಣ್ಣ ಹಚ್ಚಿದ ಆ ಮುಖ ನನ್ನ ಎದುರಿಗೇ ಕಲಸಿಹೋಯಿತು. ಆಮೇಲೆ ಅಷ್ಟು ಜನರ ನಡುವೆ, ರಂಗದ ಮೇಲೆ ಎಂದೂ ಕರೆಯದ ಹಾಗೆ ಕರೆದರು.

"ತಡ ಮಾಡ್ಬುಟ್ರಲ್ಲಾ ಗಿರಿಜಮ್ನೋರೆ."

ನಗು ಸಿಡಿಯಿತು. ಸಖಿ ಒಪ್ಪಿಕೊಂಡಳು, ಈಗ ಸೇವಕನಿಗೇ ಬೇಡವಾಯಿತು ಅಂತ ಜನ ಬಿದ್ದು ಬಿದ್ದು ನಕ್ಕರು. ಬೆಂಚು ಕುಟ್ಟಿದರು. ಒನ್ಸ್ ಮೋರ್ ಅಂತ ಡೇರೆ ಹಾರಿಹೋಗುವ ಹಾಗೆ ಕೂಗಿದರು. ಯಜಮಾನರು ಮತ್ತೆ ಮಾಡಿ ಅಂತ ಕೈ ಬೀಸುತ್ತಲೇ ಇದ್ದರು. ಚನ್ನಬಸಪ್ಪ ಜನರ ಕಡೆ ತಿರುಗಿ ಕೈಮುಗಿದು, ಒಳಗೆ ಹೋಗಿ, ಟ್ರಂಕು ಎತ್ತಿಕೊಂಡು, ಮುಖದ ಬಣ್ಣವನ್ನೂ ತೆಗೆಯದೆ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅವರನ್ನು ಮತ್ತೆ ನಾನು ನೋಡಲಿಲ್ಲ. ಸೀಟಿ ಕೇಳಿ ನಾನು ಒಳಗೆ ಬಂದರೂ ಹೊರಗೆ ಕೂಗು ನಿಂತಿರಲಿಲ್ಲ. ಜನ ಒನ್ಸ್ ಮೋರ್ ಅನ್ನುತ್ತಲೇ ಇದ್ದರು. ಪರದೆಯ ಹಿಂದೆ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು, ನಾನೂ ಅದನ್ನೇ ಅನ್ನುತ್ತಿದ್ದೆ.